ಮೇಲುಕೋಟೆಯಲ್ಲಿ ದೇವಸ್ಥಾನ, ಪುಳಿಯೋಗರೆ ಬಿಟ್ಟರೆ ಇನ್ನೇನಿದೆ?

"ಮೇಲುಕೋಟೆಗೆ ಹೋಗ್ತಿದ್ದೀವಿ. ದೇವಸ್ಥಾನ ನೋಡಿ ಪುಳಿಯೋಗರೆ ತಿಂದರೆ ಮುಗೀತಾ? ಊರಿನ ಚರಿತ್ರೆ ಏನು, ಈಗ ಜನ ಹೇಗೆ ಬದುಕ್ತಿದ್ದಾರೆ?" ಎಂದು ಕೇಳಿದ್ದೀರಿ. ನಾನು ಆ ಊರಿನಲ್ಲೇ ಹುಟ್ಟಿ ಬೆಳೆದವನು. ನಮ್ಮದು ನೇಯ್ಗೆಯವರ ಮನೆ. ಈಗ ಕೆಲಸ ಮೈಸೂರಿನಲ್ಲಿ, ಮನೆಯವರೆಲ್ಲ ಊರಲ್ಲೇ ಇದ್ದಾರೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಕೊಳಗಳನ್ನು ನೋಡಿ. ಮೇಲುಕೋಟೆ ಇರುವುದು ಬಂಡೆಗಲ್ಲಿನ ಬೆಟ್ಟದ ಮೇಲೆ. ಹತ್ತಿರದಲ್ಲಿ ಹೊಳೆ ಇಲ್ಲ. ಕಾವೇರಿ ಬಯಲಿನ ಗದ್ದೆ, ಕಬ್ಬು ಎಲ್ಲ ಕೆಳಗೇ ಉಳಿಯುತ್ತವೆ. ಇಂಥ ಕಡೆ ಒಂದು ಊರು ಎಂಟು ಒಂಬತ್ತು ನೂರು ವರ್ಷ ನಿಂತಿದೆ ಅಂದರೆ ಅದಕ್ಕೆ ಕಾರಣ ಮಳೆ ನೀರನ್ನು ಹಿಡಿದಿಟ್ಟ ಕೊಳಗಳು. ಊರಲ್ಲಿ ನೂರೆಂಟು ಕೊಳ ಇದ್ದವು ಅನ್ನುವ ಮಾತಿದೆ. ಬಂಡೆ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಹರಿದುಬಿಡುತ್ತದೆ. ಅದು ಹರಿಯುವ ದಾರಿಯಲ್ಲೇ ನಮ್ಮ ಹಿರಿಯರು ಕಲ್ಲು ಕಟ್ಟಿದರು, ಮೆಟ್ಟಿಲು ಇಟ್ಟರು. ಕುಡಿಯಲು ಒಂದು, ಸ್ನಾನಕ್ಕೆ ಒಂದು, ದೇವರ ಅಭಿಷೇಕಕ್ಕೆ ಒಂದು. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ದೊಡ್ಡ ಕಲ್ಯಾಣಿ ಇವುಗಳಲ್ಲಿ ಒಂದು ಅಷ್ಟೇ.

ಅಕ್ಕ ತಂಗಿ ಕೊಳವನ್ನೂ ನೋಡಿ. ಎರಡು ಕೊಳ ಪಕ್ಕಪಕ್ಕದಲ್ಲಿವೆ. ಒಂದರ ನೀರು ಕುಡಿಯಬಹುದು, ಇನ್ನೊಂದರದ್ದು ಕುಡಿಯಲು ಬರುವುದಿಲ್ಲ ಅನ್ನುತ್ತಾರೆ. ಇಬ್ಬರು ಅಕ್ಕತಂಗಿಯರು ಕಟ್ಟಿಸಿದರಂತೆ. ಒಬ್ಬಳು ಖರ್ಚಿನ ಲೆಕ್ಕ ಇಟ್ಟಳು, ಇನ್ನೊಬ್ಬಳು ಇಡಲಿಲ್ಲ. ಲೆಕ್ಕ ಇಟ್ಟವಳ ಕೊಳದ ನೀರು ಕೆಟ್ಟಿತು. ನನಗೆ ಈ ಕತೆ ತುಂಬಾ ಇಷ್ಟ. ನೀರು ಕೊಡುವಾಗ ಲೆಕ್ಕ ಹಾಕಬಾರದು ಅಂತ ನಂಬಿದ ಜನ ಇಲ್ಲಿದ್ದರು, ಅಲ್ವಾ?

ಇನ್ನು ಚರಿತ್ರೆ. 12ನೇ ಶತಮಾನದ ಆರಂಭದ ಹೊತ್ತಿಗೆ, ಚೋಳ ದೊರೆಯ ಕಿರುಕುಳ ತಪ್ಪಿಸಿಕೊಂಡು ರಾಮಾನುಜಾಚಾರ್ಯರು ಹೊಯ್ಸಳ ಸೀಮೆಗೆ ಬಂದರು. ವಿಷ್ಣುವರ್ಧನನ ಆಶ್ರಯ ಸಿಕ್ಕಿತು. ಸಂಪ್ರದಾಯದ ಪ್ರಕಾರ ಹನ್ನೆರಡು ವರ್ಷ ಇಲ್ಲಿ ಇದ್ದು, ತಿರುನಾರಾಯಣನ ಗುಡಿಯ ಪೂಜೆ, ಹಬ್ಬ, ಯಾರ ಕೆಲಸ ಯಾವುದು ಅನ್ನುವುದನ್ನೆಲ್ಲ ಕಟ್ಟಿಕೊಟ್ಟು ಶ್ರೀರಂಗಕ್ಕೆ ಮರಳಿದರು. ಶ್ರೀರಂಗ, ತಿರುಮಲೆ, ಕಂಚಿಯ ಜೊತೆ ಶ್ರೀವೈಷ್ಣವರು ಎಣಿಸುವ ನಾಲ್ಕನೆಯ ದೊಡ್ಡ ಕ್ಷೇತ್ರ ಇದೇ.

ಉತ್ಸವ ಮೂರ್ತಿ ಚೆಲುವನಾರಾಯಣ ಸ್ವಾಮಿಯ ಕತೆ ನಿಮಗೆ ಗೈಡ್ ಹೇಳಿಯೇ ಹೇಳುತ್ತಾರೆ. ಮೂರ್ತಿ ದೆಹಲಿ ಸುಲ್ತಾನನ ಅರಮನೆ ಸೇರಿತ್ತು, ಅವನ ಮಗಳು ಅದನ್ನು ಗೊಂಬೆಯಂತೆ ಪ್ರೀತಿಸುತ್ತಿದ್ದಳು, ರಾಮಾನುಜರು ಕರೆದಾಗ ಮೂರ್ತಿ ಬಂತು, ಹುಡುಗಿಯೂ ಹಿಂದೆಯೇ ಬಂದಳು. ಅವಳೇ ಬೀಬಿ ನಾಚ್ಚಿಯಾರ್. ಇತಿಹಾಸದ ಲೆಕ್ಕಕ್ಕೆ ಇದು ಕೂರುವುದಿಲ್ಲ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದೇ 1206ರಲ್ಲಿ. ಆದರೂ ಊರು ಇದನ್ನು ಬಿಟ್ಟಿಲ್ಲ. ಮುಸ್ಲಿಂ ಹೆಣ್ಣುಮಗಳಿಗೆ ದೇವರ ಪಾದದ ಬಳಿ ಜಾಗ ಕೊಟ್ಟಿದೆ.

ಇದೇ ಕತೆಯ ಇನ್ನೊಂದು ಎಳೆ ನನಗೆ ಹೆಚ್ಚು ಮುಖ್ಯ. ಮೂರ್ತಿಯನ್ನು ಕಾಪಾಡಿ ತಂದವರು ಇಂದಿನ ದಲಿತರ ಹಿರಿಯರು ಎನ್ನುತ್ತಾರೆ. ರಾಮಾನುಜರು ಅವರನ್ನು ತಿರುಕುಲದವರು, ಅಂದರೆ ಪವಿತ್ರ ಕುಲದವರು ಎಂದು ಕರೆದು, ವರ್ಷದಲ್ಲಿ ಮೂರು ದಿನ ಗುಡಿಯೊಳಗೆ ಬರುವ ಹಕ್ಕು ಕೊಟ್ಟರು. ಕಾನೂನು ಬರುವುದಕ್ಕೆ ಎಷ್ಟೋ ನೂರು ವರ್ಷ ಮೊದಲೇ ಈ ಪದ್ಧತಿ ಇತ್ತು. ಆ ಕಾಲಕ್ಕೆ ಇದು ದೊಡ್ಡ ಮಾತು, ಹೌದು. ಆದರೆ ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿಯೇ ಇತ್ತು ಅನ್ನುವುದನ್ನೂ ಜೊತೆಗೇ ಹೇಳಬೇಕು. ಮೂರು ದಿನದ ಹೆಮ್ಮೆಯನ್ನಷ್ಟೇ ಹೇಳಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಮೈಸೂರು ಒಡೆಯರ ನಂಟು ಎಲ್ಲರಿಗೂ ಗೊತ್ತು. 1617ರಲ್ಲಿ ತೀರಿಕೊಂಡ ರಾಜ ಒಡೆಯರು ದೇವರಿಗೆ ಕೊಟ್ಟದ್ದು ರಾಜಮುಡಿ ಎಂಬ ಕಿರೀಟ. ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು ಕೃಷ್ಣರಾಜಮುಡಿ. ಜನ ಅಷ್ಟಾಗಿ ಹೇಳದ ಸಂಗತಿ 1771ರದ್ದು. ಹತ್ತಿರದ ಚಿನಕುರಳಿಯಲ್ಲಿ ಹೈದರ್ ಅಲಿ ಮರಾಠರ ಎದುರು ಸೋತ. ಆಮೇಲೆ ಮರಾಠ ಸೈನ್ಯ ಮೇಲುಕೋಟೆಗೆ ನುಗ್ಗಿ ಲೂಟಿ ಮಾಡಿತು. ದೊಡ್ಡ ಮರದ ತೇರುಗಳಿಗೆ ಬೆಂಕಿ ಹಚ್ಚಿದರು, ಅದರಲ್ಲಿದ್ದ ಕಬ್ಬಿಣ ಸಿಗಲಿ ಅಂತ. ಬೆಂಕಿ ಗುಡಿಗಳಿಗೂ ಹರಡಿತು. ಇನ್ನು ಟಿಪ್ಪು ವಿಷಯದಲ್ಲಿ ಊರಿಗೆ ಎರಡು ನೆನಪು. ಬೆಟ್ಟದ ಮೇಲಿನ ಯೋಗಾನರಸಿಂಹ ಸ್ವಾಮಿ ಗುಡಿಯಲ್ಲಿ ಅವನು ಕೊಟ್ಟ ನಗಾರಿ ಇದೆ ಎಂದು ಹೇಳುತ್ತಾರೆ. ತಮ್ಮ ಹಿರಿಯರನ್ನು ಅವನ ಕಾಲದಲ್ಲಿ ಕೊಂದರು ಎಂದು ಮಂಡ್ಯಂ ಅಯ್ಯಂಗಾರರ ಕೆಲವು ಮನೆಗಳಲ್ಲಿ ಇಂದಿಗೂ ನರಕ ಚತುರ್ದಶಿ ಮಾಡುವುದಿಲ್ಲ. ಎರಡನ್ನೂ ಕೇಳಿಕೊಂಡೇ ನಾವು ಬೆಳೆದೆವು.

ಕವಿ ಪು.ತಿ.ನ. 1905ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ಮನೆ ಈಗ ಸ್ಮಾರಕ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಹುಟ್ಟಿದ್ದೂ ಇಲ್ಲೇ, 1948ರಲ್ಲಿ.

ಈಗ ಬದುಕಿನ ವಿಷಯಕ್ಕೆ ಬರುತ್ತೇನೆ. ಮೇಲುಕೋಟೆ ಪಾಂಡವಪುರ ತಾಲೂಕಿನ ಒಂದು ಹೋಬಳಿ ಕೇಂದ್ರ. ವಿಧಾನಸಭಾ ಕ್ಷೇತ್ರಕ್ಕೆ ನಮ್ಮೂರಿನ ಹೆಸರೇ ಇದೆ. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಗೆದ್ದದ್ದು ಇದೇ ಕ್ಷೇತ್ರದಿಂದ. ಹೆಸರು ದೊಡ್ಡದು, ಊರು ಚಿಕ್ಕದು. ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಪಾಂಡವಪುರ, ಮಂಡ್ಯ, ಮೈಸೂರು ಅಂತ ಓಡಾಡಬೇಕು. ಬೆಳಗಿನ ಬಸ್ಸಿನಲ್ಲಿ ಬಂದು ನೋಡಿ, ಊರಿನ ಹುಡುಗ ಹುಡುಗಿಯರೆಲ್ಲ ಅಲ್ಲೇ ಇರುತ್ತಾರೆ.

ಗುಡಿಯ ಸುತ್ತಲಿನ ಬೀದಿಗಳಲ್ಲಿ ಬೀಗ ಹಾಕಿದ ಮನೆಗಳು ಜಾಸ್ತಿ. ಮನೆಯವರು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ವೈರಮುಡಿ ಉತ್ಸವಕ್ಕೆ ಬಂದು ಬೀಗ ತೆಗೆಯುತ್ತಾರೆ, ಜಗಲಿ ಗುಡಿಸುತ್ತಾರೆ, ನಾಲ್ಕು ದಿನ ಇದ್ದು ಹೋಗುತ್ತಾರೆ. ಉಳಿದವರಲ್ಲಿ ಕೆಲವರು ಗುಡಿಯ ಕೈಂಕರ್ಯ ನೋಡಿಕೊಳ್ಳುತ್ತಾರೆ. ಕೆಲವರು ಮನೆಯಲ್ಲೇ ಪುಳಿಯೋಗರೆ, ಸಕ್ಕರೆ ಪೊಂಗಲ್ ಮಾಡಿ ಮಾರುತ್ತಾರೆ, ಗೊಜ್ಜು ಮಾಡಿ ಪೊಟ್ಟಣ ಕಟ್ಟುತ್ತಾರೆ. ಸಂಸ್ಕೃತ ಪಾಠಶಾಲೆ 19ನೇ ಶತಮಾನದ್ದು, ಈಗಲೂ ನಡೆಯುತ್ತಿದೆ. ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಸಾವಿರಾರು ಹಸ್ತಪ್ರತಿಗಳನ್ನು ಜೋಪಾನ ಮಾಡಿದ್ದಾರೆ.

ನಮ್ಮ ಮನೆತನದ ಕೆಲಸ ಪಂಚೆ ನೇಯುವುದು. ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೇ ಮೇಲುಕೋಟೆಯ ಹತ್ತಿ ಬಟ್ಟೆ, ಲಾವಂಚದ ಬೀಸಣಿಗೆ, ನಾಮ ಇಟ್ಟುಕೊಳ್ಳುವ ಬಿಳಿ ಮಣ್ಣು ಮೂರರ ಬಗ್ಗೆಯೂ ಬರೆದಿದ್ದಾರೆ. ಆ ಮಣ್ಣು ಕಾಶಿಯವರೆಗೂ ಹೋಗುತ್ತಿತ್ತಂತೆ. ನಮ್ಮ ತಾತನ ಕಾಲದಲ್ಲಿ ಬೀದಿ ತುಂಬ ಲಾಳಿ ಸದ್ದು. ಪವರ್‌ಲೂಮ್ ಪಂಚೆ ಬಂದ ಮೇಲೆ ಕೈಮಗ್ಗದವನ ಕೂಲಿ ಗಿಟ್ಟದಾಯಿತು. ಮಕ್ಕಳು ಬೇರೆ ಕೆಲಸ ಹಿಡಿದರು, ನಾನೂ ಅವರಲ್ಲಿ ಒಬ್ಬ. ಈ ಹೊತ್ತಿನಲ್ಲಿ ಆಸರೆಯಾದವರಲ್ಲಿ ಸುರೇಂದ್ರ ಕೌಲಗಿ ಅವರನ್ನು ನೆನೆಯಬೇಕು. ಜಯಪ್ರಕಾಶ ನಾರಾಯಣರ ಜೊತೆ ಕೆಲಸ ಮಾಡಿದ್ದ ಅವರು ಇಲ್ಲಿಗೆ ಬಂದು 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಖಾದಿ, ಕೈಮಗ್ಗದ ಕೆಲಸ ಅಲ್ಲಿ ಬೇರೂರಿತು. ಹೊರಗಿನಿಂದ ಬಂದವರೊಬ್ಬರು ನಮ್ಮ ಕಸುಬಿನ ಬೆಲೆಯನ್ನು ನಮಗಿಂತ ಚೆನ್ನಾಗಿ ಅರಿತಿದ್ದರು.

ವೈರಮುಡಿ ಬಗ್ಗೆ ಎರಡು ಮಾತು. ಮಾರ್ಚ್ ಏಪ್ರಿಲ್ ಹೊತ್ತಿಗೆ ಬರುತ್ತದೆ. ವೈರಮುಡಿ ಅಂದರೆ ದೇವರ ವಜ್ರದ ಕಿರೀಟ, ಅದು ಇರುವುದು ಮಂಡ್ಯದ ಖಜಾನೆಯಲ್ಲಿ. ಆ ದಿನ ಪೊಲೀಸ್ ಕಾವಲಿನಲ್ಲಿ ಹೊರಟು ಬರುತ್ತದೆ. ದಾರಿಯ ಹಳ್ಳಿಯವರು ರಸ್ತೆಗೆ ರಂಗೋಲಿ ಹಾಕಿ ಕಾಯುತ್ತಾರೆ. ಊರು ಸೇರಿದ ಮೇಲೆ ಪಾರ್ಕಾವಣೆ, ಅಂದರೆ ಒಡವೆಗಳ ತಪಾಸಣೆ. ಕಿರೀಟಕ್ಕೆ ಹಗಲಿನ ಬೆಳಕು ತಾಕಬಾರದು ಎಂಬ ನಂಬಿಕೆ, ಅದಕ್ಕೇ ಉತ್ಸವ ರಾತ್ರಿ. ಲಕ್ಷಗಟ್ಟಲೆ ಜನ ಸೇರುತ್ತಾರೆ. ನನ್ನ ಕೇಳಿದರೆ ಕಾರ್ತಿಕದ ಅಷ್ಟತೀರ್ಥೋತ್ಸವ ಇನ್ನೂ ಚೆಂದ. ದೇವರು ಬೆಟ್ಟದ ಸುತ್ತಲಿನ ಎಂಟು ತೀರ್ಥಗಳಿಗೆ ಹೋಗುತ್ತಾನೆ, ಜನ ನಡೆದುಕೊಂಡೇ ಜೊತೆಗೆ ಹೋಗಿ ಮೀಯುತ್ತಾರೆ. ಮಕ್ಕಳಾಗದವರು ಹರಕೆ ಹೊತ್ತು ಬರುತ್ತಾರೆ. ಆ ಎಂಟು ಕಡೆಯ ನೀರನ್ನು ಊರು ವರ್ಷಕ್ಕೊಮ್ಮೆ ಹೋಗಿ ನೋಡಿ ಬಂದಂತೆಯೂ ಆಗುತ್ತದೆ.

ಹೊಟ್ಟೆ ಉರಿಯುವುದು ಇಲ್ಲೇ. ಹಬ್ಬದಲ್ಲಿ ನೆನಪಾಗುವ ನೀರು ಉಳಿದ ದಿನ ಮರೆತುಹೋಗುತ್ತದೆ. ನಲ್ಲಿ ಬಂದ ಮೇಲೆ ಕೊಳದ ಹಂಗು ತಪ್ಪಿತು. ಎಷ್ಟೋ ಕೊಳಗಳಲ್ಲಿ ಹೂಳು ತುಂಬಿದೆ, ಮೆಟ್ಟಿಲ ಸಂದಿಯಲ್ಲಿ ಗಿಡ ಬೆಳೆದು ಕಲ್ಲು ಕಿತ್ತು ಬಂದಿದೆ, ನೀರು ಬರುವ ದಾರಿ ಮುಚ್ಚಿದೆ. ಶನಿವಾರ ಭಾನುವಾರ ಕಾರುಗಳ ಸಾಲು, ಮಾರನೇ ದಿನ ಪ್ಲಾಸ್ಟಿಕ್ ತಟ್ಟೆ. ಗೋಪುರ, ಮಂಟಪಕ್ಕೆ ಸಿಗುವ ಕಾಳಜಿಯಲ್ಲಿ ಅರ್ಧದಷ್ಟಾದರೂ ಈ ಸಣ್ಣ ಕೊಳಗಳಿಗೆ ಸಿಗಬೇಕು. ಊರಿನ ಯುವಕರು ಆಗಾಗ ಸೇರಿ ಹೂಳು ಎತ್ತುತ್ತಾರೆ, ಅದು ಸಾಲುವುದಿಲ್ಲ.

ನೀವು ಬರುವುದಾದರೆ ವಾರದ ಮಧ್ಯೆ ಬನ್ನಿ, ಒಂದು ರಾತ್ರಿ ಉಳಿಯಿರಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಯೋಗಾನರಸಿಂಹನ ಬೆಟ್ಟ ಹತ್ತಿ. ಸುತ್ತಲಿನ ಕಾಡು 1974ರಿಂದ ಅಭಯಾರಣ್ಯ, ತೋಳಗಳಿಗೆ ಹೆಸರಾದದ್ದು. ಇಳಿದು ಬಂದು ಕಲ್ಯಾಣಿ, ಅಕ್ಕ ತಂಗಿ ಕೊಳ, ಅರ್ಧಕ್ಕೇ ನಿಂತ ರಾಯಗೋಪುರ, ನಮ್ಮೂರಿನದೇ ಧನುಷ್ಕೋಟಿ ತೀರ್ಥ ನೋಡಿ. ಬೀದಿಗಳಲ್ಲಿ ಸುಮ್ನೆ ನಡೆಯಿರಿ. ಮಗ್ಗದ ಸದ್ದು ಕೇಳಿದರೆ ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಕರೆಯುತ್ತಾರೆ. ಪಂಚೆ ಬೇಕಿದ್ದರೆ ನೇಯ್ದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಪುಳಿಯೋಗರೆ ಖಂಡಿತ ತಿನ್ನಿ. ತಿಂದ ಎಲೆ, ತಟ್ಟೆ ಕೊಳದ ಹತ್ತಿರ ಬಿಡಬೇಡಿ.