ಶೆಡ್‌ನಲ್ಲಿ ಮರಗೆಲಸ: ಬೆಂಕಿ ಬಿದ್ದರೆ ಮನೆ ವಿಮೆ ಸಿಗುತ್ತಾ?

ಚಿಕ್ಕಮಗಳೂರಿನ ಮನೆ ಹಿಂದಿನ ಶೆಡ್‌ನಲ್ಲಿ ಹವ್ಯಾಸಕ್ಕೆ ಮರಗೆಲಸ, ಪಾಲಿಶ್ ಮಾಡುತ್ತೀರಿ, ಬೆಂಕಿ ಬಿದ್ದರೆ ವಿಮೆ ಸಿಗುತ್ತಾ ಅಂತ ಕೇಳಿದ್ದೀರಿ. ನಾನೂ ಹಾಸನದಲ್ಲಿ ಇದೇ ಕೆಲಸ ಮಾಡುವವನು, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮದು 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಆಗಿದ್ದರೆ, ಆಕಸ್ಮಿಕ ಬೆಂಕಿಗೆ ರಕ್ಷಣೆ ಇದೆ. ಹವ್ಯಾಸ ಅನ್ನೋ ಒಂದೇ ಕಾರಣಕ್ಕೆ ಅದು ತಪ್ಪುವುದಿಲ್ಲ. ಆದರೆ ಶೆಡ್ ಪಾಲಿಸಿಯಲ್ಲಿ ಸೇರಿದೆಯಾ ಅಂತ ಮೊದಲು ನೋಡಿ. ಮಾಡಿದ ಸ್ಟೂಲು, ಟೀಪಾಯಿ ಮಾರಲು ಶುರು ಮಾಡಿದ್ದರೆ ಕಂಪನಿಗೆ ಬರೆದು ತಿಳಿಸಿ. ಅದು ಮನೆ ಬಳಕೆಯ ಪಾಲಿಸಿ, ವ್ಯಾಪಾರದ್ದಲ್ಲ. ಫೋನಿನಲ್ಲಿ ಹೇಳಿದರೆ ಸಾಲದು, ಇಮೇಲ್ ಇರಲಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ಯಾರೂ ಬೆಂಕಿ ಹಚ್ಚದೆ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಂಡ ವಸ್ತುವಿನ ನಷ್ಟಕ್ಕೆ ರಕ್ಷಣೆ ಇದೆಯಾ ಅಂತ ನಿಮ್ಮ ಪಾಲಿಸಿಯಲ್ಲಿ ನೋಡಿಕೊಳ್ಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಹಾಗೆ ಹೊತ್ತಿಕೊಳ್ಳುತ್ತದೆ. ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆ ಮಾಡಿಟ್ಟರೆ ಆ ಬಿಸಿ ಹೊರಗೆ ಹೋಗಲ್ಲ. ಒಂದು ಸಂಜೆ ನಾನು ಮೂಲೆಗೆ ಎಸೆದಿದ್ದ ಹಳೇ ಬನಿಯನ್ ಎತ್ತಿದಾಗ ಒಳಗೆ ಆಗ ತಾನೇ ಇಸ್ತ್ರಿ ಮಾಡಿದ ಹಾಗೆ ಬಿಸಿ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಬಟ್ಟೆಗಳನ್ನು ಹೊರಗೆ, ಒಂದೊಂದಾಗಿ ಬಿಡಿಸಿ ಒಣಹಾಕುತ್ತೇನೆ. ನೀವೂ ಹಾಗೇ ಮಾಡಿ.

ಪಕ್ಕದ ಮನೆಗೆ ಬೆಂಕಿ ತಗುಲಿದರೆ ಅವರ ನಷ್ಟ ಇದರಲ್ಲಿ ಬರಲ್ಲ, ಅದಕ್ಕೆ ಬೇರೆ ರಕ್ಷಣೆ ಕೇಳಿ. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ, ಆಮೇಲೆ ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಶುಲ್ಕ ಇಲ್ಲ.