ಎಲೆ ಬರುತ್ತದೆ, ಹೂವಿಲ್ಲ: ತಾರಸಿಯ ತೊಟ್ಟಿಯಲ್ಲಿ ನೀಲಿ ನೈದಿಲೆ

ನಿಮ್ಮ ಪ್ರಶ್ನೆ ಇಷ್ಟು: ನರ್ಸರಿಯಿಂದ ತಂದು ತಾರಸಿಯ ಟಬ್ಬಿನಲ್ಲಿ ಇಟ್ಟ ನೀಲಿ ನೈದಿಲೆ ಪುಟ್ಟ ಪುಟ್ಟ ಎಲೆಗಳನ್ನಷ್ಟೇ ಬಿಡುತ್ತಿದೆ, ಒಂದು ಮೊಗ್ಗೂ ಇಲ್ಲ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿದರೂ ಟಬ್ಬು ಹಸಿರುಗಟ್ಟುತ್ತದೆ. ಬೇಸಿಗೆಯಲ್ಲಿ ಗಿಡ ಸತ್ತುಹೋಗುತ್ತದೆಯೇ, ಸೊಳ್ಳೆಗೆ ಏನು ಮಾಡಬೇಕು ಎಂದೂ ಕೇಳಿದ್ದೀರಿ.

ಮೊದಲು ನೀರು ಬದಲಾಯಿಸುವುದನ್ನು ನಿಲ್ಲಿಸಿ. ಹೂವಿಲ್ಲದಿರುವುದಕ್ಕೂ ನೀರು ಹಸಿರಾಗುವುದಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ. ನಿಮ್ಮ ಆರೈಕೆಯೆಲ್ಲ ನೀರಿಗೆ ಸಲ್ಲುತ್ತಿದೆ, ಕೆಸರಿಗೆ ಸಲ್ಲುತ್ತಿಲ್ಲ. ನೈದಿಲೆ ಬೇರೂರುವುದು, ಉಣ್ಣುವುದು, ಬೇಸಿಗೆಯಲ್ಲಿ ಜೀವ ಹಿಡಿದಿಟ್ಟುಕೊಳ್ಳುವುದು ಎಲ್ಲವೂ ಕೆಸರಿನಲ್ಲಿ. ಎಲೆ ತೇಲುವುದಕ್ಕೆ ನೀರು ಬೇಕು, ಅಷ್ಟೇ. ನೀರನ್ನು ತಿಳಿಯಾಗಿಡುವ ಕೆಲಸವನ್ನು ಗಿಡಕ್ಕೇ ಬಿಡಬಹುದು. ನೀವು ಅದಕ್ಕೆ ಹೊಟ್ಟೆ ತುಂಬ ಊಟ ಕೊಟ್ಟರೆ ಸಾಕು.

ನಿಮ್ಮಲ್ಲಿರುವುದು ನಿಜವಾಗಿಯೂ ನಾಡತಳಿಯೇ ಎಂಬುದನ್ನು ನೋಡಿಕೊಳ್ಳಿ. ನಮ್ಮ ಕೆರೆಗಳ ನೀಲಿ ನೈದಿಲೆ ನಿಂಫಿಯಾ ನೌಚಾಲಿ. ಶ್ರೀಲಂಕಾದ ರಾಷ್ಟ್ರಪುಷ್ಪವೂ ಇದೇ. ಹೂವು ತಿಳಿನೀಲಿ, ಕೆಲವು ಕೆರೆಗಳಲ್ಲಿ ಬಿಳಿ ಅಥವಾ ನಸುಗೆಂಪು. ಬೆಳಿಗ್ಗೆ ಬಿಸಿಲೇರಿದ ಮೇಲೆ ಅರಳಿ, ಮಧ್ಯಾಹ್ನ ಇಳಿಯುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿಯೇ ಇರುವ ಇನ್ನೊಂದು ಜಾತಿ ನಿಂಫಿಯಾ ಪ್ಯುಬಿಸೆನ್ಸ್ ರಾತ್ರಿ ಅರಳುವಂಥದ್ದು. ಕವಿಗಳು ಚಂದ್ರನನ್ನು ಕಂಡು ಅರಳುತ್ತದೆ ಎಂದು ಹಾಡಿದ ನೈದಿಲೆ ಈ ಬಗೆಯದು. ಅದರ ಎಲೆಯ ಅಂಚಿನಲ್ಲಿ ಚೂಪಾದ ಹಲ್ಲುಗಳಿರುತ್ತವೆ, ಅಡಿಭಾಗವನ್ನು ಮುಟ್ಟಿದರೆ ನವಿರಾದ ರೋಮ ಕೈಗೆ ಸಿಗುತ್ತದೆ. ನರ್ಸರಿಗಳಲ್ಲಿ ‘ನೀಲಿ ನೈದಿಲೆ’ ಎಂದು ಮಾರುವ ಗಿಡಗಳಲ್ಲಿ ಬಹಳಷ್ಟು ಆಫ್ರಿಕಾದ ನೈದಿಲೆಗಳ ರಕ್ತವಿರುವ ಮಿಶ್ರತಳಿಗಳು. ಎಲೆಯ ಮಧ್ಯೆ, ತೊಟ್ಟು ಕೂಡುವ ಜಾಗದಲ್ಲಿ, ಪುಟ್ಟ ಮರಿಗಿಡವೊಂದು ಹುಟ್ಟಿಕೊಂಡರೆ ಅದು ಮಿಶ್ರತಳಿಯೇ ಎಂದು ತಿಳಿಯಿರಿ. ಅದನ್ನೂ ಟಬ್ಬಿನಲ್ಲಿ ಸಂತೋಷವಾಗಿ ಬೆಳೆಸಬಹುದು, ಆರೈಕೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅದನ್ನು ಎಂದಿಗೂ ಊರ ಕೆರೆಗೆ ಬಿಡಬೇಡಿ.

ಇನ್ನು ಮಣ್ಣು. ಇಲ್ಲಿಯೇ ಹೆಚ್ಚಿನವರ ನೈದಿಲೆ ಸೊರಗುವುದು. ನರ್ಸರಿಯವರು ಗಿಡವನ್ನು ಕೊಡುವುದು ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿ ಬೆರೆತ ಹಗುರ ಮಿಶ್ರಣದಲ್ಲಿ. ಗುಲಾಬಿಗೆ ಅದು ಸರಿ. ನೀರಿನೊಳಗೆ ಅದು ಕೊಳೆಯುತ್ತದೆ, ತೇಲುತ್ತದೆ, ಅದರಲ್ಲಿದ್ದ ಗೊಬ್ಬರವೆಲ್ಲ ನೀರಿಗೆ ಇಳಿಯುತ್ತದೆ. ಆ ಸಾರವನ್ನು ಉಂಡು ಬೆಳೆಯುವುದು ಪಾಚಿ. ನಿಮ್ಮ ಹಸಿರು ನೀರಿನ ಮೂಲ ಬಹುಶಃ ಅಲ್ಲಿದೆ. ಗಿಡವನ್ನು ಎತ್ತಿ, ಬೇರಿಗಂಟಿದ ಆ ಪುಡಿಯನ್ನೆಲ್ಲ ಮೆಲ್ಲಗೆ ತೊಳೆದು ತೆಗೆಯಿರಿ.

ಬೇಕಾದದ್ದು ಅಂಟುಮಣ್ಣು. ಬೇಸಿಗೆಯಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಸುವ ರೈತರು ಪರಿಚಯವಿದ್ದರೆ ಒಂದು ಚೀಲ ಕೇಳಿ ತನ್ನಿ, ಅದಕ್ಕಿಂತ ಒಳ್ಳೆಯದು ಇನ್ನಿಲ್ಲ. ಇಲ್ಲವಾದರೆ ಗದ್ದೆಯ ಮಣ್ಣು, ಜೇಡಿಮಣ್ಣು ಆಗುತ್ತದೆ. ಒದ್ದೆ ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ತಳ್ಳಿದರೆ ಮುರಿಯದೆ ಪಟ್ಟಿಯಂತೆ ಹೊರಬರಬೇಕು, ಅದೇ ಪರೀಕ್ಷೆ. ಚರಂಡಿ ನೀರು ಸೇರುವ ನಗರದ ಕೆರೆಯ ಹೂಳು ಮಾತ್ರ ಬೇಡ. ಅದರಲ್ಲಿ ಏನೇನು ಸೇರಿರುತ್ತದೋ, ಮನೆಯೊಳಗೆ ತರುವಂಥದ್ದಲ್ಲ.

ಅಗಲ ಬಾಯಿಯ, ಆಳ ಕಡಿಮೆಯಿರುವ ಕುಂಡ ತೆಗೆದುಕೊಳ್ಳಿ. ಬಾಯಿ ಸುಮಾರು 25 ಸೆಂಟಿಮೀಟರ್ ಇರಲಿ. ತಳಕ್ಕೆ ಎರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ. ಹಳೆಯದು ಎಂದರೆ ಸಗಣಿಯ ವಾಸನೆ ಪೂರ್ತಿ ಹೋಗಿ ಮಣ್ಣಿನಂತಾಗಿರುವುದು. ಅರೆಬರೆ ಕಳಿತದ್ದನ್ನು ಹಾಕಿದರೆ ಗಾಳಿಯಿಲ್ಲದ ಕೆಸರಿನಲ್ಲಿ ಅದು ಹುಳಿತು, ಗುಳ್ಳೆಗಳೆದ್ದು, ಬೇರುಗಳನ್ನು ಕೊಳೆಸುತ್ತದೆ. ಗೊಬ್ಬರದ ಮೇಲೆ ಅಂಟುಮಣ್ಣನ್ನು ಒತ್ತಿ ತುಂಬಿ. ನಡುವೆ ಗೆಡ್ಡೆಯನ್ನು ಇಟ್ಟು, ಚಿಗುರುವ ತುದಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕಾಣುವಂತೆ ಬಿಡಿ, ಹೂಳಬೇಡಿ. ನಾಡ ನೈದಿಲೆಯ ಗೆಡ್ಡೆ ದೊಡ್ಡದಿರುವುದಿಲ್ಲ. ಕಪ್ಪು ಮಿಶ್ರಿತ ಕಂದು ಬಣ್ಣದ ಸಣ್ಣ ಉಂಡೆ, ಮೈತುಂಬ ಜುಂಗು. ಗೊತ್ತಿಲ್ಲದವರು ಕಸವೆಂದು ಎಸೆದುಬಿಡುವಂತಿರುತ್ತದೆ. ಕೊನೆಗೆ ಬೆರಳಿನ ದಪ್ಪಕ್ಕೆ ತೊಳೆದ ದಪ್ಪ ಮರಳು ಹರಡಿದರೆ ಮಣ್ಣು ಕದಡುವುದಿಲ್ಲ.

ಈ ಕುಂಡವನ್ನು ದೊಡ್ಡ ಟಬ್ಬಿನೊಳಗೆ ಇಳಿಸಿ ನೀರು ತುಂಬಿ. ಗಿಡ ಚಿಕ್ಕದಿರುವಾಗ ಮಣ್ಣಿನ ಮೇಲೆ ಒಂದು ಗೇಣು ನೀರಿಗಿಂತಲೂ ಕಡಿಮೆ ಸಾಕು, ಎಲೆಗಳು ಹಿಗ್ಗಿದಂತೆ ಏರಿಸುತ್ತ ಹೋಗಬಹುದು. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ. ಹೊಸ ಸಿಮೆಂಟ್ ತೊಟ್ಟಿಯಾದರೆ ಸುಣ್ಣದ ಅಂಶ ಬಿಡುವುದು ನಿಲ್ಲುವವರೆಗೆ ನೀರು ತುಂಬಿ ಚೆಲ್ಲಿ ಹದ ಮಾಡಬೇಕು. ದನಗಳಿಗೆ ಕಲಗಚ್ಚು ಇಡುತ್ತಿದ್ದ ಹಳೆಯ ಕಲ್ಲುಬಾನಿ ಊರಿನ ಮನೆಯಲ್ಲಿ ಬಿದ್ದಿದ್ದರೆ ಅದು ಎಲ್ಲಕ್ಕಿಂತ ಚೆಂದ. ಆದರೆ ತಾರಸಿಯ ಮೇಲೆ ಭಾರ ಲೆಕ್ಕ ಹಾಕಿ: 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಟಬ್ಬಿಗೆ ನೀರೇ ಸುಮಾರು 48 ಲೀಟರ್, ಅಂದರೆ ಅಷ್ಟೇ ಕಿಲೋ. ಕಲ್ಲುಬಾನಿಯಾದರೆ ಕೇಳುವುದೇ ಬೇಡ. ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ ಇಡಿ.

ಬಿಸಿಲಿನ ವಿಷಯದಲ್ಲಿ ರಾಜಿ ಇಲ್ಲ. ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ನೈದಿಲೆ ಎಲೆ ಕೊಡುತ್ತದೆ, ಹೂವು ಕೊಡುವುದಿಲ್ಲ. ಚೆಂದಕ್ಕೆಂದು ಕಾರಂಜಿ ಹಾಕಬೇಡಿ. ನೈದಿಲೆಯ ಎಲೆ ಉಸಿರಾಡುವ ರಂಧ್ರಗಳಿರುವುದು ಮೇಲ್ಭಾಗದಲ್ಲಿ. ಮೇಲಿನಿಂದ ಸದಾ ನೀರು ಸಿಡಿಯುತ್ತಿದ್ದರೆ ಎಲೆಗೆ ಹಿತವಿಲ್ಲ. ಒಣಗುತ್ತಿರುವ ಎಲೆಯ ತೊಟ್ಟೊಂದನ್ನು ಅಡ್ಡಕ್ಕೆ ಕತ್ತರಿಸಿ ಬೆಳಕಿಗೆ ಹಿಡಿದು ನೋಡಿ, ಉದ್ದುದ್ದ ಕೊಳವೆಗಳ ಬಾಯಿಗಳು ಕಾಣುತ್ತವೆ. ಮೇಲಿನ ಗಾಳಿ ಇಳಿದು ಉಸಿರೇ ಇಲ್ಲದ ಕೆಸರಿನ ಗೆಡ್ಡೆಯನ್ನು ತಲುಪುವುದು ಈ ದಾರಿಯಲ್ಲಿ. ಆದ್ದರಿಂದ ಹಳದಿಯಾದ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ, ಹಸಿರೆಲೆಗಳನ್ನು ಮಾತ್ರ ‘ಒತ್ತೊತ್ತಾಗಿವೆ’ ಎಂದು ಕೀಳಬೇಡಿ.

ನೀರಿನ ಬಣ್ಣ ತಾನಾಗಿ ಸರಿಹೋಗುವುದೂ ಎಲೆಗಳಿಂದಲೇ. ಹೊಸದಾಗಿ ನೆಟ್ಟಾಗ ನೀರು ಕೆಲಕಾಲ ಹಸಿರಾಗುವುದು ಸಹಜ. ಎಲೆಗಳು ನೀರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದಾಗ ಪಾಚಿಗೆ ಬೆಳಕು ಸಿಗದೆ ಅದು ಹಿಂದೆ ಸರಿಯುತ್ತದೆ. ಪ್ರತಿ ಸಲ ನೀರು ಚೆಲ್ಲಿ ಹೊಸದು ತುಂಬಿದಾಗ ನೀವು ಗಿಡಕ್ಕೆ ಆಘಾತ ಕೊಟ್ಟು, ಪಾಚಿಗೆ ಹೊಸ ಲವಣಗಳ ಔತಣ ಕೊಡುತ್ತಿದ್ದೀರಿ. ಆವಿಯಾದಷ್ಟು ನೀರನ್ನು ತುಂಬಿಸಿದರೆ ಸಾಕು. ದಾರದಂಥ ಪಾಚಿಯನ್ನು ಕಡ್ಡಿಗೆ ಸುತ್ತಿ ಎಳೆದು ತೆಗೆಯಿರಿ. ಪಾಚಿನಾಶಕ ರಾಸಾಯನಿಕ ಖಂಡಿತ ಬೇಡ.

ಗೊಬ್ಬರವನ್ನು ಎಂದೂ ನೀರಿಗೆ ಹಾಕಬೇಡಿ, ಕೆಸರಿನೊಳಗೆ ಇಡಿ. ಒಂದು ಚಮಚ ಎಲುಬಿನ ಪುಡಿ, ಒಂದಿಷ್ಟು ಹಳೆಯ ಗೊಬ್ಬರವನ್ನು ಜೇಡಿಮಣ್ಣಿನಲ್ಲಿ ಕಲಸಿ ನಿಂಬೆಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಬೆಳೆಯುವ ಕಾಲದಲ್ಲಿ ತಿಂಗಳಿಗೊಂದು ಉಂಡೆಯನ್ನು ಬೇರಿನ ಪಕ್ಕಕ್ಕೆ, ಬೆರಳು ಹೋಗುವಷ್ಟು ಆಳಕ್ಕೆ ತಳ್ಳಿ. ಹೊಸ ಎಲೆ ಹಿಂದಿನದಕ್ಕಿಂತ ಚಿಕ್ಕದಾಗುತ್ತ ಹೋದರೆ ಅದು ಹಸಿವಿನ ಗುರುತು. ನಿಮ್ಮ ಗಿಡ ಈಗ ಹೇಳುತ್ತಿರುವುದೂ ಅದನ್ನೇ. ಹಿಂಡಿಗಳು ನೀರಿನಡಿಯಲ್ಲಿ ಕೊಳೆತು ನಾರುತ್ತವೆ, ಬೇಡ.

ಬೇಸಿಗೆಯ ಬಗ್ಗೆ ನಿಮಗಿರುವ ಭಯಕ್ಕೆ ಬರುತ್ತೇನೆ. ನಮ್ಮ ಬಯಲುಸೀಮೆಯ ಸಣ್ಣ ಕೆರೆಕಟ್ಟೆಗಳು ಮಾರ್ಚ್ ದಾಟಿದರೆ ಬತ್ತುತ್ತವೆ. ತಳ ಬಿರುಕು ಬಿಡುತ್ತದೆ, ದನಗಳು ನಡೆದಾಡುತ್ತವೆ. ನೈದಿಲೆ ಎಲ್ಲಿತ್ತು ಎಂಬ ಗುರುತೂ ಉಳಿಯುವುದಿಲ್ಲ. ಮಳೆ ಬಿದ್ದು ಕೆರೆ ತುಂಬಿದ ಮೇಲೆ ಅದೇ ಜಾಗದಲ್ಲಿ ಎಲೆಗಳು ತೇಲುತ್ತವೆ. ಸಾವಿರಾರು ವರ್ಷ ಬತ್ತುವ, ತುಂಬುವ ಕೆರೆಗಳಲ್ಲೇ ಬದುಕಿದ ಗಿಡವಿದು, ಒಣಗುವುದನ್ನು ಬಲ್ಲದು. ಟಬ್ಬಿನಲ್ಲಿ ನೀರು ಆರದಂತೆ ನೋಡಿಕೊಂಡರೆ ಹಲವು ಗಿಡಗಳು ಬೇಸಿಗೆಯಲ್ಲೂ ಹಸಿರಾಗಿಯೇ ಇರುತ್ತವೆ. ಕೆಲವು, ಮುಖ್ಯವಾಗಿ ಹಸಿದವು, ಇಕ್ಕಟ್ಟಾದವು, ಎಲೆ ಕಳೆದುಕೊಂಡು ಗೆಡ್ಡೆಗೆ ಇಳಿಯುತ್ತವೆ. ಚಳಿ ಜೋರಾದ ಡಿಸೆಂಬರ್–ಜನವರಿಯಲ್ಲೂ ಹೀಗಾಗಬಹುದು. ಆಗ ಕುಂಡವನ್ನು ಬಗ್ಗಿಸಿ ಎಸೆಯಬೇಡಿ! ಕೆಸರಿಗೆ ಕೈ ಹಾಕಿ ಗೆಡ್ಡೆಯನ್ನು ಹುಡುಕಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವವಿದೆ, ಮೆತ್ತಗಾಗಿ ನಾರಿದರೆ ಹೋಯಿತು. ಗಟ್ಟಿ ಗೆಡ್ಡೆಯನ್ನು ಒದ್ದೆ ಮರಳಿನಲ್ಲಿ ನೆರಳಲ್ಲಿಟ್ಟು, ಮುಂಗಾರು ಮೋಡ ಕಟ್ಟುವ ಹೊತ್ತಿಗೆ ಹೊಸ ಕೆಸರಿನಲ್ಲಿ ನೆಡಿ. ಗೆಡ್ಡೆಯಿಂದ ಸಣ್ಣ ಎಳೆಯೊಂದು ಮೇಲೆದ್ದು ತುದಿಯಲ್ಲಿ ಪುಟ್ಟ ಗಿಡ ಕಟ್ಟುತ್ತದೆ. ಅದಕ್ಕೆ ಸ್ವಂತ ಬೇರು ಬಂದ ಮೇಲೆ ಚಿವುಟಿ ಬೇರೆ ಕುಂಡಕ್ಕೆ ಹಾಕಿದರೆ ಗೆಡ್ಡೆ ಮತ್ತೊಂದನ್ನು ಕಳುಹಿಸುತ್ತದೆ. ನೆರೆಹೊರೆಯವರಿಗೆ ಹಂಚಲು ಇದೇ ಸುಲಭದ ದಾರಿ.

ಹೂವು ಬಂದ ಮೇಲೆ ದಯವಿಟ್ಟು ಮೊದಲ ದಿನದ ಹೂವನ್ನೂ ಎರಡನೆಯ ದಿನದ ಹೂವನ್ನೂ ಬಾಗಿ ನೋಡಿ, ಕೀಳಬೇಡಿ. ಮೊದಲ ದಿನ ಕೇಸರಗಳು ಸುತ್ತಲೂ ನಿಂತಿರುತ್ತವೆ, ನಡುವಿನ ಬಟ್ಟಲಿನಲ್ಲಿ ಹನಿಯಷ್ಟು ದ್ರವ ಹೊಳೆಯುತ್ತಿರುತ್ತದೆ. ಬೇರೆ ಹೂವಿನ ಪರಾಗ ಹೊತ್ತು ಬಂದ ಜೇನುಹುಳು ಅದರೊಳಗೆ ಜಾರಿದಾಗ ಮೈಮೇಲಿನ ಪರಾಗವೆಲ್ಲ ತೊಳೆದುಹೋಗಿ ಹೂವಿನ ಪರಾಗ ಹಿಡಿಯುವ ಭಾಗವಾದ ಶಲಾಕಾಗ್ರಕ್ಕೆ ಸಲ್ಲುತ್ತದೆ. ಕೆಲವೊಮ್ಮೆ ಸಣ್ಣ ಹುಳುಗಳು ಅಲ್ಲೇ ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನದಿಂದ ದ್ರವವಿಲ್ಲ. ಕೇಸರಗಳು ಒಳಗೆ ಬಾಗಿ ಬಟ್ಟಲನ್ನು ಮುಚ್ಚುತ್ತವೆ, ಪರಾಗ ಉದುರಿಸುವ ಸರದಿ ಈಗ ಅವುಗಳದು. ಒಂದೇ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಮೂರು ನಾಲ್ಕು ದಿನ ಅರಳಿ ಮುಚ್ಚಿದ ಮೇಲೆ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ನೀರಿನಡಿಗೆ ಎಳೆದುಕೊಳ್ಳುತ್ತದೆ. ಬೀಜ ಬೇಕಿದ್ದರೆ ಆ ಕಾಯಿಗೆ ತೆಳುಬಟ್ಟೆ ಕಟ್ಟಿ, ಇಲ್ಲವಾದರೆ ಅದು ಒಡೆದು ಲೋಳೆ ಸುತ್ತಿದ ಬೀಜಗಳು ತೇಲಿ ಚದುರಿ ಮುಳುಗುತ್ತವೆ. ಬೀಜವನ್ನು ಒಣಗಿಸದೆ ನೀರಿನಲ್ಲೇ ಇಟ್ಟು, ಎರಡು ಮೂರು ಬೆರಳಿನಷ್ಟು ನೀರಿರುವ ಬಟ್ಟಲಲ್ಲಿ ಕೆಸರಿನ ಮೇಲೆ ಉದುರಿಸಿ. ಮೊದಲು ದಾರದಂಥ ಎಲೆ, ಆಮೇಲೆ ನೀರಿನೊಳಗೇ ಉಳಿಯುವ ಬಾಣದಾಕಾರದ ಎಲೆಗಳು, ಕೊನೆಗೆ ತೇಲುವ ಎಲೆ ಬರುತ್ತವೆ.

ಕೀಟಗಳು ಹೆಚ್ಚಿಲ್ಲ. ಎಲೆಯ ಮೇಲೆ ಕಪ್ಪು ಹೇನು ಮುತ್ತಿದರೆ ಎಲೆಗಳನ್ನು ಕೈಯಿಂದ ನೀರಿಗೆ ಅದ್ದಿ ಅಲುಗಾಡಿಸಿ, ಟಬ್ಬಿನಲ್ಲಿ ಮೀನಿದ್ದರೆ ತಿಂದು ಮುಗಿಸುತ್ತದೆ. ಎಲೆಯ ತುಂಡನ್ನು ಕತ್ತರಿಸಿ ಗೂಡು ಕಟ್ಟಿಕೊಂಡು ತೇಲುವ ಮರಿಹುಳುಗಳನ್ನು ಹೆಕ್ಕಿ ತೆಗೆಯಬೇಕು.

ಸೊಳ್ಳೆಗೂ ಮೀನೇ ಉತ್ತರ. ಗಪ್ಪಿ, ಗ್ಯಾಂಬುಸಿಯಾ ಎಲ್ಲರೂ ಹೇಳುತ್ತಾರೆ, ಎರಡೂ ಹೊರದೇಶದವು. ನಮ್ಮ ಹಳ್ಳ, ಗದ್ದೆಗಾಲುವೆಗಳಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಓಡಾಡುವ, ನೆತ್ತಿಯಲ್ಲಿ ಬೆಳ್ಳಿಚುಕ್ಕೆ ಹೊಳೆಯುವ ಅಪ್ಲೋಕೈಲಸ್ ಎಂಬ ಕಿರುಮೀನು ಸೊಳ್ಳೆಮರಿಗಳನ್ನು ಅಷ್ಟೇ ಚುರುಕಾಗಿ ತಿನ್ನುತ್ತದೆ. ನಾಲ್ಕೈದು ಸಾಕು. ಹಾರುವ ಅಭ್ಯಾಸವಿರುವುದರಿಂದ ನೀರನ್ನು ಟಬ್ಬಿನ ಅಂಚಿಗಿಂತ ನಾಲ್ಕು ಬೆರಳು ಕೆಳಗಿಡಿ.

ಇದನ್ನೆಲ್ಲ ಓದಿ ಅಸಲಿ ನಾಡತಳಿಯೇ ಬೇಕೆನಿಸಿದರೆ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಇಳಿದು ಗಿಡ ಕೀಳಬೇಡಿ. ಮಲೆನಾಡು, ಕರಾವಳಿಯಲ್ಲಿ ಮನೆಯ ಮುಂದಿನ ಹೊಂಡದಲ್ಲಿ ಬೆಳೆಸುವವರಿದ್ದಾರೆ. ಕೇಳಿದರೆ ಒಂದು ಗೆಡ್ಡೆ ಕೊಡಲು ಅವರು ಹಿಂದೆಮುಂದೆ ನೋಡುವುದಿಲ್ಲ. ಈಗಿರುವ ಗಿಡದ ಎಲೆಯ ಅಂಚು ಹೇಗಿದೆ, ಅಡಿಭಾಗದಲ್ಲಿ ರೋಮವಿದೆಯೇ ಎಂಬುದನ್ನು ಇಲ್ಲಿ ಬರೆದು, ಎಲೆಯ ಎರಡೂ ಮಗ್ಗುಲಿನ ಚಿತ್ರ ಹಾಕಿ. ಯಾವ ಬಗೆ ಎಂದು ಗುರುತಿಸಲು ನೆರವಾಗುತ್ತೇನೆ.