ಸಿಟ್ಟೇ ಬಾರದ ಅಭಿರಾಮ್

(ಹೆಸರು, ಉದ್ಯೋಗ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮಾಗೆ 27 ವರ್ಷ. ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ, ರಾತ್ರಿ ಹೊತ್ತು ಪ್ರೇಮ ಕಾದಂಬರಿ ಬರೆಯುತ್ತಾರೆ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಸಮಾಲೋಚನೆಗೆ ಬಂದವರು ಮೊದಲ ಅರ್ಧ ಗಂಟೆ ಮಾತಾಡಿದ್ದು ಕಾದಂಬರಿಯ ನಾಯಕ ಅಭಿರಾಮ್ ಬಗ್ಗೆ. ಕರಡು ಓದಿದ ಗೆಳತಿ, "ನಿನ್ನ ಹೀರೊ ತುಂಬಾ ಒಳ್ಳೆಯವನು ಕಣೇ, ಆದ್ರೆ ಅವನೊಳಗೆ ಯಾರೂ ಇಲ್ಲ" ಅಂದಿದ್ದಳಂತೆ. ಇದನ್ನು ಹೇಳುತ್ತಲೇ ಸುಮಾ ಅತ್ತುಬಿಟ್ಟರು.

"ಅಭಿರಾಮ್ ಎಂಥವನು, ಹೇಳಿ" ಅಂದೆ. ಕುಡಿಯಲ್ಲ. ದನಿ ಏರಿಸಲ್ಲ. ತಡವಾಗಿ ಮನೆಗೆ ಬರಲ್ಲ. ತನಗಾಗಿ ಏನೂ ಕೇಳಲ್ಲ. ಅವರು ಹೇಳಿದ್ದನ್ನು ಹಾಗೇ ಹಾಳೆಯಲ್ಲಿ ಬರೆದು ಅವರ ಕೈಗೇ ಕೊಟ್ಟೆ. ಪ್ರತಿ ಸಾಲೂ 'ಅಲ್ಲ'ದಲ್ಲೇ ಮುಗಿದಿತ್ತು. ಬಹಳ ಹೊತ್ತು ನೋಡಿ, "ಇದು ನಮ್ಮಪ್ಪನ್ನ ತಿರುಗಿಸಿ ಬರೆದ ಹಾಗಿದೆ ಮೇಡಂ" ಅಂದರು.

ಅಪ್ಪನ ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿಸಿದರೆ ಸಾಕು, ಅಮ್ಮ ಒಲೆ ಆರಿಸಿ ಮಕ್ಕಳನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದರು. ಆದರೆ ಸುಮಾ ಮನಸ್ಸಿನಲ್ಲಿ ರಾತ್ರಿಗಿಂತ ಹೆಚ್ಚಾಗಿ ಕೂತಿರುವುದು ಬೆಳಗು. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, "ಚಟ್ನಿಗೆ ಉಪ್ಪು ಸಾಲದು" ಎನ್ನುತ್ತಾ ದೋಸೆ ತಿನ್ನುತ್ತಿದ್ದರು. ರಾತ್ರಿಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. 'ತಪ್ಪಾಯ್ತು' ಎಂಬ ಮಾತನ್ನು ಆ ಮನೆಯ ದೊಡ್ಡವರ ಬಾಯಲ್ಲಿ ಅವರು ಒಮ್ಮೆಯೂ ಕೇಳಿಲ್ಲ. ತಪ್ಪನ್ನು ತಿದ್ದಿಕೊಳ್ಳುವ ಗಂಡಸನ್ನು ಕಂಡೇ ಇರದವರು, ತಪ್ಪೇ ಮಾಡದವನನ್ನಲ್ಲದೆ ಇನ್ನಾರನ್ನು ಬರೆದಾರು?

ನಿದ್ದೆಗೆಟ್ಟದ್ದೇಕೆ ಎಂಬುದು ಎರಡನೇ ಭೇಟಿಯಲ್ಲಿ ಹೊರಬಂತು. ನಿಶ್ಚಿತಾರ್ಥವಾದ ಹುಡುಗ ಫೋನಿನಲ್ಲಿ ಸಿಡುಕಿದ್ದ. ಅಂದೇ ರಾತ್ರಿ ತಾನಾಗಿ ಫೋನ್ ಮಾಡಿ, "ಆಫೀಸಿನ ಸಿಟ್ಟು ನಿನ್ನ ಮೇಲೆ ತೀರಿಸ್ಕೊಂಡೆ, ತಪ್ಪಾಯ್ತು" ಅಂದಿದ್ದ. ಸಿಡುಕಿಗಿಂತ ಸುಮಾಗೆ ಹೆಚ್ಚು ದಿಗಿಲಾದದ್ದು ಈ ಮಾತಿನಿಂದ. ಇದೂ ನಾಟಕವಿರಬಹುದೇ?

'ಶರಪಂಜರ'ದ ಸತೀಶನ ಮಾತನ್ನು ಅವರೇ ತೆಗೆದರು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ 1971ರ ಸಿನಿಮಾ, ಎರಡೂ ಅವರಿಗೆ ಗೊತ್ತು. "ಅವನೂ ಮೊದಲು ಎಷ್ಟು ಚೆನ್ನಾಗಿದ್ದ! ಕಾವೇರಿ ಗುಣವಾಗಿ ಮನೆಗೆ ಬಂದಾಗ ದೂರ ಸರಿದ." ನಿಜ. ಸತೀಶನ ಮೊದಲಿನ ಪ್ರೀತಿ ಸುಳ್ಳೆಂದು ನನಗನ್ನಿಸುವುದಿಲ್ಲ. ಹೆಂಡತಿಯ ಮನಸ್ಸು ಕಾಯಿಲೆ ಬೀಳುವ ತನಕ ಅದಕ್ಕೆ ಎಷ್ಟು ಆಳವಿದೆ ಎಂದು ನೋಡುವ ಸಂದರ್ಭ ಒದಗಿರಲಿಲ್ಲ, ಅಷ್ಟೆ. "ಅಭಿರಾಮನಿಗೂ ನೀವು ಅಂಥದ್ದೊಂದು ಸಂದರ್ಭ ಕೊಟ್ಟಿಲ್ಲ" ಅಂದೆ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ತಾಯಿ-ಮಗುವಿನ ಒಡನಾಟವನ್ನು ಹತ್ತಿರದಿಂದ ಗಮನಿಸಿದವರು. ಅಕ್ಕರೆಯ ತಾಯಿಗೂ ಮಗುವಿನೊಂದಿಗೆ ಪದೇ ಪದೇ ತಾಳ ತಪ್ಪುತ್ತದೆ. ತಪ್ಪಿದ್ದು ಮತ್ತೆ ಕೂಡಿಬರುವುದನ್ನು ಕಂಡು ಕಂಡೇ ಮಗುವಿಗೆ ನಂಬಿಕೆ ಬಲಿಯುತ್ತದೆ. ಸುಮಾಗೆ ಸಿಗದೆ ಹೋದದ್ದು ಇದೇ.

ಮೂರು ಮಾತು ಹೇಳಿದೆ. ಒಂದು ಅಧ್ಯಾಯದಲ್ಲಿ ಅಭಿರಾಮ್ ಸಣ್ಣದೊಂದು ತಪ್ಪು ಮಾಡಲಿ, ಅದರ ಮಾರನೆಯ ಬೆಳಗನ್ನು ಬಿಡದೆ ಬರೆಯಿರಿ. ಆ ಹುಡುಗನ ಬಗ್ಗೆ ಒಂದು ಸಿಡುಕಿನಿಂದಲೂ ತೀರ್ಮಾನಿಸಬೇಡಿ, ಒಂದು ಕ್ಷಮೆಯಿಂದಲೂ ಬೇಡ. ಬೈಕಿನ ಸದ್ದಿನ ಕಥೆಯನ್ನು ಅವನಿಗೆ ಹೇಳಿ, "ನನಗೆ ನೋವಾಯ್ತು" ಅಂದಾಗ ಕಿವಿಗೊಡುತ್ತಾನೋ ವಾದಕ್ಕಿಳಿಯುತ್ತಾನೋ ನೋಡಿ. ಆದರೆ ಹೆದರಿಸುವುದು, ಕೈ ಎತ್ತುವುದು ಕಂಡರೆ ಇನ್ನೊಂದು ಅವಕಾಶವೆಂದು ಕಾಯಬೇಡಿ, ಮದುವೆ ಅಲ್ಲಿಗೇ ನಿಲ್ಲಲಿ. ಇದನ್ನು ಎರಡು ಸಲ ಹೇಳಿದೆ.

ಐದನೇ ಭೇಟಿಗೆ ಆ ಅಧ್ಯಾಯ ತಂದಿದ್ದರು. ಅಭಿರಾಮನ ಬಾಯಲ್ಲಿ ಒಂದೇ ಮಾತು: "ನಿನ್ನೆ ನೀನು ಹೆದರಿದ್ದು ನನಗೆ ಕಾಣಿಸ್ತು. ನಾನು ಹಾಗೆ ಮಾತಾಡಬಾರದಿತ್ತು." ಅದರ ಕೆಳಗೆ ನಾಯಕಿಯ ಹೆಸರು, ಮುಂದೆ ಖಾಲಿ.

"ಇವಳೇನು ಹೇಳ್ಬೇಕು ಮೇಡಂ?"

ನನಗೂ ಗೊತ್ತಿಲ್ಲ ಅಂದೆ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡರು.